ಕಾಲು ತೊಳೆದ ಅಣಬೆ

ಜೂನ್ 4

ಇದನ್ನು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಹೋಗಿ ಕೈ ತೊಳೆದುಕೊಂಡು ಬನ್ನಿ. ನನ್ನ ಮೊಮ್ಮಗಳನ್ನು ಬಿಟ್ಟು ಬೇರೆ ಯಾರಾದರೂ ಲಕೋಟೆ ಒಡೆದಿದ್ದರೆ ನಾಚಿಕೆಯಾಗಬೇಕು ನಿಮಗೆ. ಮಡಚಿ ಒಳಗಿಟ್ಟು ಅವಳ ಕೈಗೆ ಕೊಡಿ. ಮೊಮ್ಮಗಳೇ ಆಗಿದ್ದರೆ ನಾಚಿಕೆ ಇನ್ನೂ ಸ್ವಲ್ಪ ಹೆಚ್ಚೇ ಆಗಬೇಕು. ಕಾಡು ಸೇರಿದವಳಿಗೆ ಒಂದು ಕಾಗದ ಹಾಕಲು ಇಷ್ಟು ದಿನ ಬೇಕಾಯಿತೇನೇ, ಮೊಂಡಿ?

ಫೋನು ಮಾಡಿದ್ದೆನಲ್ಲ ಎನ್ನಬೇಡ. ಅಲ್ಲಿಂದ ಬರುವ ನಿನ್ನ ದನಿ ಕೊಡದೊಳಗೆ ಕೂತ ಕಪ್ಪೆಯ ದನಿಯ ಹಾಗಿರುತ್ತದೆ. ನಾನು "ಹಾಂ? ಹಾಂ?" ಎನ್ನುತ್ತಾ ನಿಂತಿದ್ದಾಗ ಇಸ್ತ್ರಿಪೆಟ್ಟಿಗೆಯ ಕೆಳಗೆ ಬ್ಯಾಂಕಿನವರ ಅಂಗಿ ಹೊಗೆಯಾಡಿತು. ಕಾಗದವೇ ಸರಿ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ತುಕ್ಕು ಹಿಡಿಯದೆ ಉಳಿಯುತ್ತದೆ.

ನೀನು ಕಳಿಸಿದ ಅಣಬೆಯ ಚಿತ್ರ ಬಂತು. ಹೊಟ್ಟೆಯ ಮೇಲೆ ಮಲಗಿ, ಗದ್ದವನ್ನು ಕೆಸರಿಗೆ ಊರಿ, ಉಸಿರು ಬಿಗಿ ಹಿಡಿದು ತೆಗೆದದ್ದು ಎಂದು ಬರೆದಿದ್ದೀಯ. ನಿನ್ನ ಅಂಗಿಯ ಗತಿ ನೆನೆದೇ ನನಗೆ ಮೈ ಉರಿಯಿತು. ಇರಲಿ. ಚಿತ್ರ ನೋಡಿ ನಮ್ಮ ಪಕ್ಕದ ಬಾಗಿಲಿನ ಟೈಲರಮ್ಮ ಬಾಯಿ ತೆರೆದವಳು ಮುಚ್ಚಲೇ ಇಲ್ಲ. "ಅಕ್ಕಾ, ಛತ್ರಿ ಒಳಗಿನ ಕಡ್ಡಿ ಎಣಿಸ್ಬಹುದು ನೋಡಿ!" ಎಂದಳು. ಹೌದು, ಎಣಿಸಬಹುದು. ಹಾಗೆಯೇ ಅದರ ಕಾಲಿಗೆ ಮೆತ್ತಿದ ಮಣ್ಣು, ಕೊಳೆತ ಎಲೆ, ಸತ್ತ ಇರುವೆ, ಅದೆಂಥದೋ ಲೋಳೆ, ಎಲ್ಲವನ್ನೂ ಎಣಿಸಬಹುದು. ಇಷ್ಟು ವರ್ಷ ಊರಿನವರ ಕಾಲರಿನ ಕೊಳೆ ತೆಗೆದವಳ ಮೊಮ್ಮಗಳು ನೀನು. ಇಂಥ ಕೊಳಕು ಕಾಲಿನದನ್ನು ನಮ್ಮ ಅಂಗಡಿಯ ಗೋಡೆಗೆ ಹೇಗೆ ಹಾಕಲಿ? ಗಿರಾಕಿಗಳು ನಗುವುದಿಲ್ಲವೇ? ಮುಂದಿನ ಸಲ ಫೋಟೋ ತೆಗೆಯುವ ಮೊದಲು ಅದರ ಕಾಲು ತೊಳೆ.

ಹೊಟ್ಟೆಗೆ ಸರಿಯಾಗಿ ತಿನ್ನು. ತಲೆಗೆ ಬಟ್ಟೆ ಕಟ್ಟಿಕೋ.

ಅಜ್ಜಿ

—

ಜೂನ್ 19

ಅಜ್ಜಿ,

ಕೈ ತೊಳೆದುಕೊಂಡೇ ಓದಿದೆ. ಉಗುರಿನೊಳಗಿನ ಮಣ್ಣು ಮಾತ್ರ ಈ ಮಳೆಗಾಲ ಮುಗಿಯುವವರೆಗೆ ಹೋಗುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ನಾನು ಏನು ಮಾಡುತ್ತೇನೆಂದು ಟೈಲರಮ್ಮನಿಗೆ ಹೀಗೆ ಹೇಳು. ಬೆಳಕು ಮೆತ್ತಗಿರುವಾಗ ಹೊರಡುತ್ತೇನೆ. ಅಣಬೆ ಕಂಡ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿ ಬೋರಲು ಮಲಗುತ್ತೇನೆ. ಕ್ಯಾಮೆರಾಕ್ಕೆ ಕಾಳು ತುಂಬಿದ ಪುಟ್ಟ ದಿಂಬು. ಟೋಪಿಯ ಕೆಳಗೆ ಕತ್ತಲಿರುತ್ತದಲ್ಲ, ಅಲ್ಲಿಗೆ ಅಂಗೈಯಗಲದ ಕನ್ನಡಿಯಿಂದ ಬೆಳಕು ಹಾಯಿಸುತ್ತೇನೆ. ಗಾಳಿ ನಿಲ್ಲುವವರೆಗೆ ಕಾಯಬೇಕು. ಅಣಬೆ ಅಲುಗದಿದ್ದರೂ ಅದರ ಪಕ್ಕದ ಹುಲ್ಲು ಅಲುಗಿ ಎಲ್ಲ ಕೆಡಿಸುತ್ತದೆ. ಇಷ್ಟು ಹತ್ತಿರದಿಂದ ನೋಡಿದಾಗ ಮುಂದಿನದು ಸ್ಪಷ್ಟವಾದರೆ ಹಿಂದಿನದು ಮಸುಕು. ಅದಕ್ಕೇ ಒಂದೇ ಅಣಬೆಯನ್ನು ಹತ್ತಾರು ಸಲ, ಕೂದಲೆಳೆಯಷ್ಟು ಮುಂದೆ ಸರಿಸಿ ಸರಿಸಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತೇವೆ.

ಇದೆಲ್ಲ ಒಂದು ಪುಸ್ತಕಕ್ಕೆ. ಕಾಡಿನ ಅಂಚಿನಲ್ಲಿ ಇರುವವರು ತಿಳಿಯದೆ ವಿಷದ ಅಣಬೆ ತಿನ್ನದಿರಲಿ ಎಂದು ಮನೆಮನೆಗೂ ಹಂಚುತ್ತಾರೆ. ಬರೆಯುತ್ತಿರುವವರು ನಮ್ಮ ಅಣಬೆ ಮೇಷ್ಟ್ರು. ತುಂಬಾ ಕಟ್ಟುನಿಟ್ಟು. ಚಿತ್ರ ತೆಗೆಯುವ ಮೊದಲು ಯಾವುದನ್ನೂ ಮುಟ್ಟಕೂಡದು, ಒಂದು ಕಡ್ಡಿಯನ್ನೂ ಸರಿಸಕೂಡದು ಎನ್ನುತ್ತಾರೆ. ನನಗಿಂತ ಮೊದಲು ಬಂದಿದ್ದ ಫೋಟೋಗ್ರಾಫರನನ್ನು ಅದೇ ಕಾರಣಕ್ಕೆ ಕಳಿಸಿಬಿಟ್ಟರಂತೆ.

ಆದರೆ ಅಜ್ಜಿ, ನಿನ್ನ ಮಾತು ತಲೆಯಲ್ಲೇ ಕೂತಿತ್ತು. ಇದರ ಜೊತೆ ಇರುವ ಬಿಳಿಯದನ್ನು ನೋಡು. ಮೊನ್ನೆ ಮುಂಜಾನೆ ಸಿಕ್ಕಿತು. ಸ್ವಲ್ಪ ಸ್ವಚ್ಛ ಮಾಡಿ ತೆಗೆದೆ. ಎಷ್ಟು ಚೆಂದ ಬಂದಿದೆಯೆಂದರೆ ಮೇಷ್ಟ್ರೇ ಇದನ್ನು ಮುಖಪುಟಕ್ಕೆ ಎಂದುಬಿಟ್ಟರು. ನನ್ನ ಹೆಸರು ಒಳಪುಟದಲ್ಲಿ ಬರುತ್ತದೆ. ಈಗಲಾದರೂ ಗೋಡೆಗೆ ಹಾಕುತ್ತೀಯಾ?

ಚಿತ್ರದ ಹಿಂಬದಿಯಲ್ಲಿ ಬರೆದದ್ದನ್ನು ಓದು. ನೋಡಲು ಹಾಲಿನಂತಿದ್ದರೂ ಇದು ಕೊಲ್ಲುವ ಜಾತಿ.

ನಿನ್ನ ಮೊಂಡಿ

—

ಜುಲೈ 5

ಮೊಂಡಿ,

ನೋಡಿದೆಯಾ, ಅಜ್ಜಿಯ ಮಾತು ಕೇಳಿದರೆ ಹೇಗಿರುತ್ತದೆ! ಮುಖಪುಟವಂತೆ! ಆ ಮೇಷ್ಟ್ರು ಎಷ್ಟೇ ಓದಿರಲಿ, ಕೊಳೆ ತೆಗೆಯುವ ವಿಷಯ ನನ್ನನ್ನು ಕೇಳಲಿ.

ಕಟ್ಟು ಹಾಕಿಸಿ, ಗಾಜು ಕೂಡಿಸಿ, ಇಸ್ತ್ರಿ ಮೇಜಿನ ಮೇಲ್ಗಡೆ ತೂಗುಹಾಕಿದ್ದೇನೆ. ಬಿಳಿ ಟೋಪಿ, ಕುತ್ತಿಗೆಗೆ ತೆಳ್ಳನೆಯ ಲಂಗ, ಕೆಳಗೆ ನುಣ್ಣನೆಯ ಬರಿಗಾಲು. ಗಂಜಿ ಹಾಕಿ ಇಸ್ತ್ರಿ ಮಾಡಿ ನಿಲ್ಲಿಸಿದ ಹಾಗಿದೆ. ಬ್ಯಾಂಕಿನವರು ಬಂದವರು ಸುಟ್ಟ ಅಂಗಿಯ ಮಾತನ್ನೇ ಮರೆತು ನೋಡುತ್ತಾ ನಿಂತರು. ಆಗಲಿ, ನಿನ್ನಿಂದ ಅಷ್ಟಾದರೂ ಉಪಕಾರವಾಯಿತು.

ನೀನು ಹಿಂದೆ ಬರೆದದ್ದನ್ನು ನಾನು ದೊಡ್ಡ ಅಕ್ಷರದಲ್ಲಿ ಮುಂದೆ ಬರೆದು ಅಂಟಿಸಿದ್ದೇನೆ: "ಇದು ಕೊಲ್ಲುವ ಅಣಬೆ. ಇಂಥದ್ದನ್ನು ತಿನ್ನಬೇಡಿ." ಮಳೆ ಬಿದ್ದ ಮೇಲೆ ಊರವರೆಲ್ಲ ಕೆರೆಯ ಆಚೆಯ ತೋಪಿಗೆ ಹೋಗಿ ಅಣಬೆ ಆರಿಸಿ ತರುತ್ತಾರಲ್ಲ, ಈಗ ಮನೆಗೆ ಹೋಗುವ ಮೊದಲು ನಮ್ಮ ಅಂಗಡಿಗೆ ಬರುತ್ತಾರೆ. ಬುಟ್ಟಿಯನ್ನು ಮೇಜಿನ ಮೇಲಿಟ್ಟು, "ಅಜ್ಜಿ, ಸ್ವಲ್ಪ ನೋಡಿ" ಎನ್ನುತ್ತಾರೆ. ನಾನು ಕನ್ನಡಕ ಹಾಕಿಕೊಂಡು ಚಿತ್ರಕ್ಕೆ ಹೋಲಿಸಿ ನೋಡುತ್ತೇನೆ. ಅದರ ಹಾಗಿದ್ದರೆ ಚರಂಡಿಗೆ, ಇಲ್ಲದಿದ್ದರೆ ಮನೆಗೆ. ಔಷಧಿ ಅಂಗಡಿಯವನ ಹೆಂಡತಿ ಬಾಯಿತುಂಬ ಹೊಗಳಿ ಹೋದಳು. ಟೈಲರಮ್ಮ ನನ್ನನ್ನು "ಜಡ್ಜಮ್ಮ" ಎಂದು ಕರೆಯಲು ಶುರು ಮಾಡಿದ್ದಾಳೆ. ಅವಳ ಹೊಟ್ಟೆಕಿಚ್ಚು, ಬಿಡು.

ಇನ್ನೂ ಎರಡು ಮೂರು ಚಿತ್ರ ಕಳಿಸು. ಗೋಡೆಯಲ್ಲಿ ಜಾಗವಿದೆ.

ಅಜ್ಜಿ

—

ಜುಲೈ 22

ಅಜ್ಜಿ,

ಆ ಚಿತ್ರವನ್ನು ಗೋಡೆಯಿಂದ ಇಳಿಸಿಬಿಡು. ದಯವಿಟ್ಟು. ಅದರ ಬಣ್ಣ ಸರಿಯಾಗಿ ಬಂದಿಲ್ಲ, ಈಗ ಗೊತ್ತಾಯಿತು. ಬಿಳುಪು ಹೆಚ್ಚಾಗಿದೆ. ಬೇರೆ ಒಳ್ಳೆಯದನ್ನು ಕಳಿಸುತ್ತೇನೆ, ಅಲ್ಲಿಯವರೆಗೆ ಗೋಡೆ ಖಾಲಿಯಿದ್ದರೂ ಪರವಾಗಿಲ್ಲ.

ಯಾರಿಗೂ ಬುಟ್ಟಿ ನೋಡಿ ಹೇಳಬೇಡ. ನಿನಗೆ ಅಣಬೆಯ ವಿಷಯ ಗೊತ್ತಿಲ್ಲ. ನನಗೂ ಅಷ್ಟಾಗಿ ಗೊತ್ತಿಲ್ಲ. ಇಸ್ತ್ರಿ ಅಂಗಡಿ ಇಸ್ತ್ರಿ ಅಂಗಡಿಯಾಗಿಯೇ ಇರಲಿ.

ಇಲ್ಲಿ ಮಳೆ ಜೋರಾಗಿದೆ. ಟಪಾಲಿನವನು ಹೊಳೆ ಇಳಿದ ದಿನ ಮಾತ್ರ ಬರುತ್ತಾನೆ. ಬೇರೇನೂ ವಿಶೇಷವಿಲ್ಲ.

ಮೊಂಡಿ

—

ಆಗಸ್ಟ್ 6

ಮಹಾರಾಣಿಯವರಿಗೆ,

ತಮ್ಮ ಅಪ್ಪಣೆ ತಲುಪಿತು. ಇಸ್ತ್ರಿ ಅಂಗಡಿ ಇಸ್ತ್ರಿ ಅಂಗಡಿಯಾಗಿಯೇ ಇರಬೇಕಂತೆ. ನೀನು ಈ ಇಸ್ತ್ರಿ ಅಂಗಡಿಯ ಮೇಜಿನ ಕೆಳಗೆ, ಮೂಟೆಗಳ ನಡುವೆ ಮಲಗಿ ಬೆಳೆದವಳು ಎಂಬುದು ನೆನಪಿದೆಯೋ ಇಲ್ಲವೋ? ಬಣ್ಣ ಸರಿಯಿಲ್ಲವಂತೆ! ಬಣ್ಣ ಸರಿಯಿಲ್ಲದ್ದು ಮುಖಪುಟಕ್ಕೆ ಆಗುತ್ತದೆ, ಅಜ್ಜಿಯ ಗೋಡೆಗೆ ಆಗುವುದಿಲ್ಲ. ನಾನು ಓದದವಳಾದರೂ ದಡ್ಡಿಯಲ್ಲ. ಒಗೆಯುವ ಅಂಗಡಿಯಲ್ಲಿ, ಯಾರದೋ ಒಳಚಡ್ಡಿಯ ಪಕ್ಕ ನಿನ್ನ ಚಿತ್ರ ತೂಗುತ್ತಿದೆ ಎಂದು ಆ ಮೇಷ್ಟ್ರ ಮುಂದೆ ಹೇಳಿಕೊಳ್ಳಲು ನಿನಗೆ ನಾಚಿಕೆ. ನೇರವಾಗಿ ಹಾಗೆಂದು ಬರೆಯಬಹುದಿತ್ತು.

ಇಳಿಸುವುದಿಲ್ಲ. ಬೇಕಿದ್ದರೆ ನೀನೇ ಬಂದು ಇಳಿಸು.

ಇದನ್ನು ಬರೆಯುತ್ತಿರುವಾಗಲೇ ಟೈಲರಮ್ಮ ಸೆರಗಿನ ತುಂಬ ಅಣಬೆ ಕಟ್ಟಿಕೊಂಡು ಬಂದಳು. ತೋಪಿನ ಆ ತುದಿಯಲ್ಲಿ, ದೊಡ್ಡ ಮರದ ಬುಡದಲ್ಲಿ ಸಿಕ್ಕವಂತೆ. ಬಿಳಿಯವು, ಕೊಬ್ಬಿದವು. ಮೇಜಿನ ಮೇಲೆ ಸುರಿದು, "ಜಡ್ಜಮ್ಮಾ, ತೀರ್ಪು ಕೊಡಿ" ಎಂದಳು. ನಾನು ನೋಡಿದೆ. ಅವಳು ಚಿತ್ರದ ಕಡೆ ಕತ್ತು ಎತ್ತಿ, "ಅಕ್ಕಾ, ಟೋಪಿ ಅದೇ ತರ ಇದೆಯಲ್ಲ? ಕುತ್ತಿಗೇಲಿ ಲಂಗಾನೂ ಇದೆ. ಯಾಕೋ ಬೇಡ ಅನ್ಸುತ್ತೆ" ಎಂದಳು.

"ಟೋಪಿ ಏನ್ ನೋಡ್ತೀಯೇ, ಕಾಲು ನೋಡು" ಎಂದೆ. "ಅದು ಬರಿಗಾಲಲ್ಲಿ ನಿಂತಿದೆ. ನಿನ್ನವು ಒಂದೊಂದೂ ಕಾಲುಚೀಲ ಹಾಕ್ಕೊಂಡಿವೆ. ಬೇರೆ ಜಾತಿ ಕಣೇ. ಇಷ್ಟು ವರ್ಷ ಬಟ್ಟೆ ಹೊಲಿದೂ ಕಾಲುಚೀಲ ಗೊತ್ತಾಗಲ್ವಾ ನಿಂಗೆ?"

ನಿಜವಾಗಿಯೂ ಹಾಗೇ ಇತ್ತು. ಬುಡದಲ್ಲಿ ದಪ್ಪನೆಯ ಬಿಳಿ ಚೀಲ, ಬಾಯಿ ಹರಿದದ್ದು, ಹಳೆಯ ಕಾಲುಚೀಲ ಜಾರಿ ಹಿಮ್ಮಡಿಯಲ್ಲಿ ಗುಡ್ಡೆಯಾದ ಹಾಗೆ. ಅವಳು ನಕ್ಕು, ಕಟ್ಟಿಕೊಂಡು ಹೋದಳು. ಎಣ್ಣೆಯಲ್ಲಿ ಹುರಿದು ನನಗೂ ಒಂದು ಬಟ್ಟಲು ತಂದುಕೊಡುತ್ತೇನೆ ಎಂದಳು. ನನಗೆ ಬೇಡವೆಂದೆ. ಅಣಬೆ ತಿಂದರೆ ಒದ್ದೆ ಬಟ್ಟೆ ಜಗಿದಂತಾಗುತ್ತದೆ.

ನೋಡು, ನಿನ್ನ ಬಣ್ಣ ಸರಿಯಿಲ್ಲದ ಚಿತ್ರ ಇಷ್ಟು ಕೆಲಸಕ್ಕೆ ಬರುತ್ತಿದೆ.

ಅಜ್ಜಿ

—

ಆಗಸ್ಟ್ 12

ಚಿರಂಜೀವಿ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ಮಳೆಗಾಲ, ಆರೋಗ್ಯ ನೋಡಿಕೋ. ಅಂಗಡಿಯ ಗೋಡೆಗೆ ಸುಣ್ಣ ಹೊಡೆಸಬೇಕಾಗಿದೆ, ಆದ್ದರಿಂದ ಸ್ವಲ್ಪ ದಿನ ಬಾಗಿಲು ಹಾಕಿದ್ದೇನೆ. ನಿನ್ನ ಚಿತ್ರವನ್ನು ಇಳಿಸಿ ಒಳಗಿಟ್ಟಿದ್ದೇನೆ. ನೀನು ಹೇಳಿದ್ದೇ ಸರಿ. ನನಗೆ ಕಣ್ಣು ಮಂಜಾಗಿದೆ, ಇನ್ನು ಯಾರ ಬುಟ್ಟಿಯನ್ನೂ ನೋಡುವುದಿಲ್ಲ.

ಟೈಲರಮ್ಮ ತಂಗಿಯ ಮನೆಗೆ ಹೋಗಿದ್ದಾಳೆ.

ನಿನ್ನ ಕೆಲಸದ ಕಡೆ ಗಮನವಿಡು. ಪುಸ್ತಕ ಚೆನ್ನಾಗಿ ಬರಲಿ.

ಇಂತಿ ನಿನ್ನ ಅಜ್ಜಿ

—

ಆಗಸ್ಟ್ 21, ಬಸ್ ನಿಲ್ದಾಣ

ಅಜ್ಜಿ,

ಹೊಳೆ ಇಂದು ಇಳಿಯಿತು. ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ಮೊದಲು ಕಾಲುಚೀಲದ್ದನ್ನು ಓದಿದೆ. ಆಮೇಲೆ ಇನ್ನೊಂದನ್ನು ಒಡೆದೆ. ಅದರಲ್ಲಿ ನೀನು ಒಂದೇ ಒಂದು ಬೈಗುಳ ಬರೆದಿರಲಿಲ್ಲ. ಹುಟ್ಟಿದಾಗಿನಿಂದ ನೀನು ನನ್ನನ್ನು ಚಿರಂಜೀವಿ ಎಂದವಳಲ್ಲ. ಟೈಲರಮ್ಮನಿಗೆ ತಂಗಿಯೂ ಇಲ್ಲ.

ಅಲ್ಲಿಂದ ನಡೆದುಕೊಂಡು ಬಸ್ ನಿಲ್ದಾಣಕ್ಕೆ ಬಂದು ಅಂಗಡಿಗೆ ಫೋನು ಮಾಡಿದೆ. ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಈಗ ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಅಜ್ಜಿ, ನಿನ್ನ ಕಣ್ಣು ಮಂಜಾಗಿಲ್ಲ. ನೀನು ಸರಿಯಾಗಿಯೇ ನೋಡಿದೆ. ಚಿತ್ರವೇ ಸುಳ್ಳು.

ಆ ಬಿಳಿ ಅಣಬೆಗೂ ಕಾಲುಚೀಲ ಇತ್ತು. ಆ ಜಾತಿಗೆ ಇದ್ದೇ ಇರುತ್ತದೆ. ಹರಿದು, ಮಣ್ಣು ಮೆತ್ತಿಕೊಂಡು, ನೋಡಲು ಅಸಹ್ಯವಾಗಿತ್ತು. ನಾನು ಕುಂಚದಿಂದ ಮಣ್ಣು ತೆಗೆಯಲು ಹೋದೆ. ಅದರ ಒಂದು ತುಂಡು ಕಿತ್ತು ಬಂತು. ಅರ್ಧ ಇದ್ದು ಅರ್ಧ ಇಲ್ಲದ್ದು ಇನ್ನೂ ಕೆಟ್ಟದಾಗಿ ಕಂಡಿತು. ಆಗ ಚಿಮಟದಿಂದ ಎಲ್ಲವನ್ನೂ ಸುಲಿದೆ, ನೀರು ಚಿಮುಕಿಸಿ ಒರೆಸಿದೆ, ಪಕ್ಕದ ಪಾಚಿಯನ್ನು ಬುಡಕ್ಕೆ ಒತ್ತಿದೆ. ಆಮೇಲೆ ಚಿತ್ರ ತೆಗೆದೆ.

ಮೇಷ್ಟ್ರು ಆ ದಿನವೇ ಕೇಳಿದರು, "ಬುಡದಲ್ಲಿ ಚೀಲ ಇರ್ಲಿಲ್ವೇನಮ್ಮ?" ಎಂದು. ನಾನು, "ಇಲ್ಲ ಸಾರ್, ಹುಳ ತಿಂದಿರ್ಬೇಕು" ಎಂದೆ. ಹಾಗೂ ಆಗುವುದುಂಟಂತೆ. ಅವರು ನಂಬಿದರು, ಚೀಲದ ಮಾತನ್ನು ಒಳಗೆ ಬರೆಯುತ್ತೇನೆ, ಮುಖಪುಟಕ್ಕೆ ಇದೇ ಇರಲಿ ಎಂದರು. ಆ ಚೀಲ ಏಕೆ ಮುಖ್ಯ ಎಂದು ನನಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ಆದರೆ ಜುಲೈಯಲ್ಲಿ ತಿಳಿಯಿತು. ಕಾಡು ಕಾಯುವವರಿಗೆ ಪಾಠ ಮಾಡುತ್ತಾ ಅವರು, "ಬೇರೇನು ಮರೆತರೂ ಇದನ್ನು ಮರೀಬೇಡಿ, ಕಿತ್ತು ನೋಡ್ಬೇಡಿ, ಅಗೆದು ನೋಡಿ, ಚೀಲ ಕಂಡರೆ ಕೈ ಬಿಡಿ" ಎಂದರು. ನಾನು ಹಿಂದೆ ಕೂತು ಕೇಳಿದೆ. ಅದೇ ವಾರ ನಿನ್ನ ಜಡ್ಜಮ್ಮನ ಕಾಗದ ಬಂತು. ಆಗಲೇ ಎಲ್ಲ ಬರೆಯಬೇಕಿತ್ತು. ಬಣ್ಣ ಸರಿಯಿಲ್ಲ ಎಂದು ಬರೆದೆ. ನಿಜ ಹೇಳಿದರೆ ಚಿತ್ರ ಹೋಗುತ್ತದೆ, ಕೆಲಸ ಹೋಗುತ್ತದೆ ಎಂದು ಹೆದರಿದೆ. ನೀನು ಅದನ್ನು ನಾಚಿಕೆ ಎಂದುಕೊಂಡೆ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಟೈಲರಮ್ಮ ಹೇಗಿದ್ದಾರೆ? ವಾಂತಿ ನಿಂತು ಹುಷಾರಾದ ಹಾಗೆ ಕಂಡರೂ ನಂಬಬೇಡಿ, ಆಸ್ಪತ್ರೆಯಲ್ಲೇ ಇರಲಿ. ಆ ವಿಷ ಒಮ್ಮೆ ಸುಮ್ಮನಿದ್ದು ಆಮೇಲೆ ಪಿತ್ತಜನಕಾಂಗಕ್ಕೆ ಇಳಿಯುತ್ತದೆ.

ಊರಿನ ಬಸ್ಸು ಬಂತು. ಎದ್ದು ನಿಂತೆ. ಕಂಡಕ್ಟರು ನನ್ನ ಮುಖ ನೋಡಿ "ಬರ್ತೀರಾ ಇಲ್ವಾ?" ಎಂದ. ಮೆಟ್ಟಿಲ ಮೇಲೆ ಕಾಲಿಡಲು ಆಗಲಿಲ್ಲ ಅಜ್ಜಿ. ಬಸ್ಸು ಹೋಯಿತು.

ಮೊಂಡಿ

—

ಆಗಸ್ಟ್ 30

ಅಜ್ಜಿ,

ಒಂದು ಸಾಲು ಬರೆ. ಬೈದಾದರೂ ಬರೆ.

ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಗ್ಗೆ ಅವರ ಕೋಣೆಯ ಬಾಗಿಲವರೆಗೆ ಹೋಗುತ್ತೇನೆ. ಮುಖಪುಟದ ಮಾದರಿ ಅಚ್ಚಾಗಿ ಬಂದಿದೆ. ಗೋಡೆಗೆ ಚುಚ್ಚಿದ್ದಾರೆ. ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅಕ್ಟೋಬರ್ ಶುರುವಿನಲ್ಲಿ ಪುಸ್ತಕ ಪೂರ್ತಿ ಅಚ್ಚಿಗೆ ಹೋಗುತ್ತದೆ.

ಟೈಲರಮ್ಮ ಇದ್ದಾರಾ?

—

ಸೆಪ್ಟೆಂಬರ್ 14

ಮೊಂಡಿ,

ಇದ್ದಾಳೆ. ಮೊದಲು ಅದನ್ನು ಓದಿಕೋ, ಆಮೇಲೆ ಉಳಿದದ್ದು.

ಅಂದು ಹುರಿದು ತಿಂದಳು. ಮರುದಿನ ಬೆಳಗ್ಗೆ ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲವೆಂದು ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದಳು. ವಾಂತಿ, ಭೇದಿ, ಬಟ್ಟೆಯೆಲ್ಲ ಹಾಳು. ಔಷಧಿ ಅಂಗಡಿಯವನ ವ್ಯಾನಿನಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ಚಿಕ್ಕ ಹುಡುಗಿ, ನಿನ್ನ ವಯಸ್ಸಿನವಳು. "ಏನು ತಿಂದ್ರು? ಉಳಿದಿದ್ದು ಏನಾದ್ರೂ ಇದೆಯಾ?" ಎಂದಳು. ನಾನು ವಾಪಸು ಬಂದು ಅವಳ ಅಡುಗೆಮನೆಯ ಕಸದ ಡಬ್ಬಿಗೆ ಕೈ ಹಾಕಿದೆ. ಟೋಪಿ, ಕಾಂಡ ಎಲ್ಲ ಬೇಯಿಸಿದ್ದಳು. ಬುಡ ಮಾತ್ರ ಕತ್ತರಿಸಿ ಎಸೆದಿದ್ದಳು. ಅದನ್ನೇ ಕಾಗದದಲ್ಲಿ ಸುತ್ತಿಕೊಂಡು ಹೋದೆ. ಆ ಹುಡುಗಿ ಬಿಚ್ಚಿ, ಚೀಲ ನೋಡಿದ್ದೇ ತಡ, ಮುಖದ ಬಣ್ಣ ಹೋಯಿತು. "ಇದು ಇದ್ರೂ ಯಾಕೆ ತಿಂದ್ರಿ?" ಎಂದು ಕೇಳಿದಳು. ಟೈಲರಮ್ಮನಿಗೆ ಮಾತಾಡಲು ತ್ರಾಣವಿರಲಿಲ್ಲ. ನನಗೆ ತ್ರಾಣವಿತ್ತು. ಮಾತಾಡಲಿಲ್ಲ.

ನೀನು ಬರೆದ ಹಾಗೆಯೇ ಆಯಿತು. ಮಧ್ಯೆ ಚೇತರಿಸಿಕೊಂಡಂತೆ ಕಂಡಳು, ಮನೆಗೆ ಹೋಗುತ್ತೇನೆಂದು ಹಟ ಹಿಡಿದಳು. ಆಮೇಲೆ ಕಣ್ಣು ಹಳದಿಯಾಯಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ನಾನು ಅಲ್ಲೇ ವರಾಂಡದಲ್ಲಿ ಉಳಿದೆ. ನಿನಗೆ ಚಿರಂಜೀವಿ ಎಂದು ಬರೆದದ್ದು ಅಲ್ಲಿ ಕೂತೇ. ನಿನ್ನ ಚಿತ್ರದ್ದು ಬೇರೆ ಜಾತಿ, ಹೋಲಿಸಲು ಹೋದ ಮುದುಕಿಯ ತಲೆ ಕೆಟ್ಟಿದೆ, ಅದನ್ನು ನಿನ್ನ ತಲೆಗೆ ಏಕೆ ಕಟ್ಟಲಿ ಎಂದುಕೊಂಡೆ. ನನಗೆ ನಯವಾಗಿ ಬರೆಯಲು ಬರುವುದಿಲ್ಲ ಎಂದು ಈಗ ಗೊತ್ತಾಯಿತು.

ಈಗ ಮನೆಗೆ ಬಂದಿದ್ದಾಳೆ. ಅರ್ಧ ಆಗಿದ್ದಾಳೆ. ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಪಿತ್ತಜನಕಾಂಗ ನಿಧಾನವಾಗಿ ಸರಿಹೋಗಬಹುದು, ಕೈಯ ವಿಷಯ ಹೇಳಲಾಗುವುದಿಲ್ಲ ಎಂದಿದ್ದಾರೆ. ಹೊಲಿಯಲು ಕೊಟ್ಟಿದ್ದವರು ಬಂದು ಬಟ್ಟೆ ವಾಪಸು ತೆಗೆದುಕೊಂಡು ಹೋಗುತ್ತಿದ್ದಾರೆ. ಅವಳು ಒಂದೊಂದನ್ನೂ ಮಡಚಿ ಕೊಡುತ್ತಾಳೆ.

ನಿನ್ನ ಬಸ್ ನಿಲ್ದಾಣದ ಕಾಗದ ಆಸ್ಪತ್ರೆಯಿಂದ ಬಂದ ದಿನ ಬಾಗಿಲ ಸಂದಿಯಲ್ಲಿ ಸಿಕ್ಕಿತು. ಓದಿದೆ. ನಿನ್ನನ್ನು ಬೈಯಬೇಕೆಂದು ಪೆನ್ನು ಹಿಡಿದೆ. ಕಾಲು ತೊಳೆ ಎಂದವಳು ಯಾರು? ನಾನು. ಹಾಗೆಂದು ನಿನ್ನದನ್ನೆಲ್ಲ ನನ್ನ ಮೇಲೆ ಹೊರಿಸಿಕೊಂಡು ನಿನ್ನನ್ನು ಬಿಟ್ಟುಬಿಡುತ್ತೇನೆ ಎಂದುಕೊಳ್ಳಬೇಡ. ತೊಳೆ ಎಂದೆ, ಸುಲಿ ಎನ್ನಲಿಲ್ಲ. ಹುಳ ತಿಂದಿದೆ ಎಂದು ಹೇಳಲು ನಾನು ಕಲಿಸಲಿಲ್ಲ. ಕಲೆ ಹೋಗದಿದ್ದರೆ ಹೋಗಲಿಲ್ಲ ಎಂದು ಗಿರಾಕಿಯ ಮುಖ ನೋಡಿ ಹೇಳುವುದನ್ನು ಕಲಿಸಿದ್ದೆ. ಅದನ್ನು ಎಲ್ಲಿ ಬಿಟ್ಟು ಹೋದೆ? ಆದರೆ ಅವಳು "ಬೇಡ ಅನ್ಸುತ್ತೆ" ಎಂದಾಗ ಅವಳನ್ನು ನಗಿಸಿ ಕಳಿಸಿದವಳು ನೀನಲ್ಲ. ಅದು ಪೂರ್ತಿ ನನ್ನದು. ಅದರಲ್ಲಿ ನಿನಗೆ ಪಾಲು ಕೊಡುವುದಿಲ್ಲ.

ಇನ್ನೊಂದು ಸಂಗತಿ. ಇದನ್ನು ಬರೆಯದೆ ಇರೋಣವೆಂದುಕೊಂಡಿದ್ದೆ. ಅವಳು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಿನಿಂದ ನನ್ನ ಕೈ ಹಿಡಿದು ಒಂದೇ ಮಾತು. "ಅಕ್ಕಾ, ನಿಮ್ಮ ಅಂಗಡಿಗೆ ಕೆಟ್ಟ ಹೆಸರು ತಂದ್ಬಿಟ್ಟೆ. ನಾನೇ ಸರಿಯಾಗಿ ಬೇಯಿಸ್ಲಿಲ್ಲ ಅನ್ಸುತ್ತೆ. ನೀವು ನೋಡಿ ಹೇಳಿದ್ದು ಸರಿಯಾಗೇ ಇತ್ತು, ನಾನೇ ಬೇರೆ ಯಾವ್ದೋ ಒಂದನ್ನ ಸೇರಿಸ್ಬಿಟ್ಟಿದ್ದೆನೋ ಏನೋ." ದಿನಾ ಹೇಳುತ್ತಿದ್ದಳು. ನಾನು, "ಸುಮ್ಮನೆ ಮಲಕ್ಕೋ" ಎನ್ನುತ್ತಿದ್ದೆ. ನಿನ್ನ ಕಾಗದ ಬಂದ ಮೇಲೂ ಹಾಗೇ ಎಂದೆ. ನೀನು ಮೇಷ್ಟ್ರ ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದೆಯಲ್ಲ, ಆಗ ನಾನು ಅವಳ ಬಾಗಿಲ ಒಳಗೇ ಕೂತು ಅದನ್ನೇ ಮಾಡುತ್ತಿದ್ದೆ.

ಹೋದ ಭಾನುವಾರ ಹೇಳಿದೆ. ಅವಳು ಕಿಟಕಿಯ ಬಳಿ ಕೂತು ದಾರದ ಉಂಡೆಗಳನ್ನು ಬಣ್ಣಬಣ್ಣ ಬೇರೆ ಮಾಡುತ್ತಿದ್ದಳು. ಎಲ್ಲ ಹೇಳಿದೆ. ಚೀಲ, ಚಿಮಟ, ಹುಳ, ನನ್ನ ಕಾಲು ತೊಳೆಯುವ ಮಾತು. ಅವಳು ಉಂಡೆಯನ್ನು ಕೆಳಗಿಟ್ಟಳು.

"ಅಂದ್ರೆ ನಾನು ತಪ್ಪು ಮಾಡ್ಲಿಲ್ಲ?"

"ಇಲ್ಲ ಕಣೇ."

"ಟೋಪಿ ಅದೇ ತರ ಇದೆ ಅಂತ ಕೇಳಿದ್ದೆ ಅಲ್ವಾ ನಾನು?"

"ಕೇಳಿದ್ದೆ."

"ಅಕ್ಕಾ, ಇಷ್ಟು ದಿನ ನಾನು ನಿಮ್ಮನ್ನ ಕ್ಷಮೆ ಕೇಳ್ತಾ ಇದ್ದೆ. ನೀವು ಕೇಳಿಸ್ಕೊಂಡು ಕೂತಿದ್ರಿ."

ಅವಳು ಕೆಳಗಿಟ್ಟ ಉಂಡೆಯನ್ನು ಎತ್ತಿಕೊಡಲು ಬಗ್ಗಿದೆ.

"ಈಗ ಹೋಗಿ. ಬಾಗಿಲು ಎಳ್ಕೊಂಡು ಹೋಗಿ" ಎಂದಳು.

ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ನಾನು ಮಾಡಿಟ್ಟ ಗಂಜಿಯ ಪಾತ್ರೆ ಹಾಗೇ ಹೊರಗೆ ಬರುತ್ತದೆ. ಔಷಧಿ ಅಂಗಡಿಯವನ ಹೆಂಡತಿ ಅಡುಗೆ ಮಾಡಿಕೊಡುತ್ತಿದ್ದಾಳೆ. ಅವಳಿಗೂ ನಾನೇ ಹೋಗಿ ಹೇಳಿದೆ. ಬುಟ್ಟಿ ತೋರಿಸಲು ಬಂದಿದ್ದವರ ಮನೆಗೆಲ್ಲ ಹೋಗಿ, ನಾನು ಹೇಳಿದ್ದನ್ನೆಲ್ಲ ಮರೆಯಿರಿ, ಚೀಲ ಕಂಡರೆ ಮುಟ್ಟಬೇಡಿ, ಚೀಲವಿಲ್ಲದಿದ್ದರೂ ನನ್ನನ್ನು ಕೇಳಬೇಡಿ ಎಂದು ಹೇಳಿ ಬಂದೆ. ಕೆಲವರು ಪಾಪ ಎಂದರು. ಬ್ಯಾಂಕಿನವರು ಬಟ್ಟೆ ಕೊಡುವುದನ್ನು ಬಿಟ್ಟಿದ್ದಾರೆ. ಬಿಡಲಿ.

ನಿನ್ನೆ ನಾನು ಅಂಗಡಿಯ ಬಾಗಿಲು ತೆರೆಯುವಾಗ ಟೈಲರಮ್ಮ ತನ್ನ ಹೊಸ್ತಿಲಲ್ಲಿ ಬಂದು ನಿಂತಳು, ಗೋಡೆ ಹಿಡಿದುಕೊಂಡು. ನನ್ನ ಕಡೆ ನೋಡಲಿಲ್ಲ. ಬೀದಿಯ ಕಡೆ ನೋಡುತ್ತಾ ಕೇಳಿದಳು:

"ಆ ಪುಸ್ತಕದಲ್ಲೂ ಅದೇ ಚಿತ್ರಾನಾ?"

ಅಷ್ಟೇ. ತನ್ನ ಕೈಯ ಮಾತಿಲ್ಲ, ನಿನ್ನ ಮೇಲೆ ದೂರಿಲ್ಲ. ಮನೆಮನೆಗೂ ಹಂಚುತ್ತಾರೆ ಎಂದು ನಾನೇ ಅಲ್ಲವೇ ಅವಳ ಮುಂದೆ ಕೊಚ್ಚಿಕೊಂಡದ್ದು? ನಾನು, "ಇಲ್ಲೀವರೆಗೆ ಅದೇ ಕಣೇ, ತೆಗೀತಾರೋ ಇಲ್ವೋ ಕೇಳಿ ಹೇಳ್ತೀನಿ" ಎಂದೆ. ತಲೆಯಾಡಿಸಿ ಒಳಗೆ ಹೋದಳು. ಅವಳು ನನ್ನನ್ನು ಇನ್ನೊಮ್ಮೆ ಕೇಳುವುದಿಲ್ಲ. ನಾನೇ ಹೋಗಿ ಹೇಳಬೇಕು.

ಆದ್ದರಿಂದ ಕೇಳು. ಊರಿಗೆ ಓಡಿ ಬಂದು ಅವಳ ಕಾಲಿಗೆ ಬೀಳುತ್ತೇನೆ ಎಂದುಕೊಂಡಿದ್ದರೆ ಈಗ ಬೇಡ. ಅವಳಿಗೆ ಅಳುವವರನ್ನು ಸಮಾಧಾನ ಮಾಡುವಷ್ಟು ಶಕ್ತಿಯಿಲ್ಲ. ನಾಳೆ ಬೆಳಗ್ಗೆ ಮೇಷ್ಟ್ರ ಬಾಗಿಲವರೆಗೆ ಹೋಗುತ್ತೀಯಲ್ಲ, ಒಳಗೆ ಹೋಗು. ಕೆಲಸ ಹೋಗುತ್ತದೆ. ಹೋಗಲಿ. ಮೇಜಿನ ಕೆಳಗೆ ಮಲಗಿದ್ದವಳಿಗೆ ಮೇಜಿನ ಮುಂದೆ ನಿಲ್ಲಲು ಜಾಗವಿದೆ, ಬಟ್ಟೆ ಒಗೆಯಲು ಒಂದು ಜೊತೆ ಕೈ ಬೇಕಾಗಿಯೂ ಇದೆ. ಅವರು ಬೈದರೆ ಬೈಸಿಕೋ, ಮಧ್ಯದಲ್ಲಿ ಅಜ್ಜಿ ಹೇಳಿದ್ದಳು ಎಂದು ನನ್ನನ್ನು ಎಳೆದು ತರಬೇಡ. ಆ ಮಾದರಿಯನ್ನು ಗೋಡೆಯಿಂದ ಕಿತ್ತು ಅವರ ಕೈಯಲ್ಲಿ ಕೊಟ್ಟು, ಇದು ಅಚ್ಚಿಗೆ ಹೋಗಬಾರದು ಎಂದು ಬಾಯಿ ಬಿಟ್ಟು ಹೇಳು.

ಆಮೇಲೆ ನನಗೆ ಬರೆ. ಹೇಳಿದೆ ಎಂದಾದರೆ ಹೇಳಿದೆ ಎಂದು ಬರೆ. ಹೇಳಲಿಲ್ಲ ಎಂದಾದರೆ ಹೇಳಲಿಲ್ಲ ಎಂದೇ ಬರೆ, ಅದನ್ನೂ ಅವಳಿಗೆ ಹಾಗೆಯೇ ಓದಿ ಹೇಳುತ್ತೇನೆ. ಬಣ್ಣ, ಮಳೆ, ಹೊಳೆ ಯಾವುದೂ ಬೇಡ. ಒಂದೇ ಸಾಲು ಸಾಕು. ಟಪಾಲಿನವನು ಬರದಿದ್ದರೆ ನೀನೇ ನಡೆದು ಹೋಗಿ ಪೆಟ್ಟಿಗೆಗೆ ಹಾಕು, ಮುಂದಿನ ತಿಂಗಳು ಹುಟ್ಟುವುದರೊಳಗೆ ಆ ಸಾಲು ನನ್ನ ಕೈಯಲ್ಲಿರಬೇಕು.

ಅಜ್ಜಿ